ಗ್ಯಾರೇಜಿನ ತಪ್ಪು, ಗ್ರಾಹಕರ ನಂಬಿಕೆ

ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಚಿತ್ರದುರ್ಗ, ಹಿರಿಯೂರುಗಳಲ್ಲಾಗಲಿ, ಅಡಿಕೆ-ತೆಂಗಿನ ವಹಿವಾಟಿನ ಹೊಳಲ್ಕೆರೆ, ಹೊಸದುರ್ಗಗಳಲ್ಲಾಗಲಿ, ವಾಹನವು ಒಂದು ದಿನ ನಿಂತರೆ ವರ್ತಕರ ಆ ದಿನದ ವ್ಯವಹಾರವೇ ಕುಂಠಿತವಾಗುತ್ತದೆ. ಆದ್ದರಿಂದ ನಂಬಿಕಸ್ಥ ಮೆಕ್ಯಾನಿಕ್ ನಮ್ಮ ಉದ್ಯಮಕ್ಕೆ ಬಂಡವಾಳದಷ್ಟೇ ಅವಶ್ಯಕ.

ದುರಸ್ತಿಯಲ್ಲಿ ತಪ್ಪು ಸಂಭವಿಸುವುದುಂಟು. ಆಯಿಲ್ ಬದಲಿಸಿದಾಗ ಡ್ರೈನ್ ಬೋಲ್ಟ್ ಸಡಿಲವಾಗಿ ಉಳಿಯಬಹುದು. ಹೊಸ ಬ್ಯಾಟರಿ ಹಾಕಿದ ಮೇಲೆ ದೋಷವಿದ್ದುದು ಆಲ್ಟರ್ನೇಟರ್‌ನಲ್ಲಿ ಎಂದು ತಿಳಿಯಬಹುದು. ಇಂತಹ ತಪ್ಪನ್ನು ತಾನಾಗಿಯೇ ತಿಳಿಸಿ, ಮತ್ತೆ ಕೂಲಿ ಕೇಳದೆ ಸರಿಪಡಿಸುವ ಮೆಕ್ಯಾನಿಕ್‌ನನ್ನು ಕಳೆದುಕೊಳ್ಳಬಾರದು. ಆದರೆ ಹಾಕದ ಬಿಡಿಭಾಗಕ್ಕೆ ಬಿಲ್ ಬರೆಯುವುದು ತಪ್ಪಲ್ಲ, ವಂಚನೆ.

1872ರ ಭಾರತೀಯ ಕರಾರು ಅಧಿನಿಯಮದ 151ನೇ ಪ್ರಕರಣದ ಮೇರೆಗೆ, ವಶಕ್ಕೆ ಪಡೆದ ವಸ್ತುವನ್ನು ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ನಷ್ಟವುಂಟುಮಾಡುವ ಅಜಾಗರೂಕತೆಯನ್ನಷ್ಟೇ ಅಲ್ಲ, ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನೂ ಸೇವಾ ನ್ಯೂನತೆಯೆಂದು ಪರಿಗಣಿಸುತ್ತದೆ. ಬಿಲ್ ನೀಡದಿರುವುದು ಅದೇ ಅಧಿನಿಯಮದಂತೆ ಅನುಚಿತ ವ್ಯಾಪಾರ ಪದ್ಧತಿ.

ಗ್ರಾಹಕರ ಹೊಣೆಯೂ ಇದೆ. ವಾಹನ ಒಪ್ಪಿಸುವಾಗ ದೋಷದ ವಿವರ, ಓಡಿದ ಕಿಲೋಮೀಟರ್, ಅಂದಾಜು ವೆಚ್ಚಗಳನ್ನು ಜಾಬ್ ಕಾರ್ಡ್‌ನಲ್ಲಿ ಬರೆಯಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ದೋಷ ಮರುಕಳಿಸಿದರೆ ಮೊದಲು ಅದೇ ಗ್ಯಾರೇಜಿಗೆ ತಿಳಿಸಿ, ಸರಿಪಡಿಸಲು ಅವಕಾಶ ಕೊಡುವುದು ಲೇಸು. ಬೇರೆಡೆ ಬಿಚ್ಚಿಸಿದರೆ ತಪ್ಪು ಯಾರದೆಂದು ತೋರಿಸುವುದು ಕಷ್ಟವಾಗುತ್ತದೆ. ಬರೆದಿಟ್ಟ ಲೆಕ್ಕವಿದ್ದಲ್ಲಿ ಪ್ರಾಮಾಣಿಕ ತಪ್ಪು ಜಗಳಕ್ಕೆ ತಿರುಗದೆ ಅಲ್ಲಿಯೇ ಬಗೆಹರಿಯುತ್ತದೆ.