ಇಂಕಾ ಗೋದಾಮಿನ ಗಂಟಿನ ಲೆಕ್ಕ

ಪೆರುವಿನ ರಾಜಧಾನಿ ಲಿಮಾದಿಂದ ಕಡಲ ಬದಿಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಿ, ಕನ್ಯೇತೆ ನದಿ ಸಿಕ್ಕಲ್ಲಿ ಎಡಕ್ಕೆ ಹೊರಳಿ ಕಣಿವೆಯೊಳಗೆ ಏರುತ್ತಾ ಹೋದರೆ ಲುನಾವನಾ ಎಂಬ ಊರು ಬರುತ್ತದೆ. ಲಿಮಾದ ಜನ ರಜೆ ಬಂತೆಂದರೆ ಇಲ್ಲಿಗೆ ಓಡಿಬಂದು ನದಿಯಲ್ಲಿ ರಬ್ಬರ್ ದೋಣಿ ಇಳಿಸುತ್ತಾರೆ, ಇಲ್ಲಿನ ದ್ರಾಕ್ಷಿಯ ಪಿಸ್ಕೊ ಕುಡಿಯುತ್ತಾರೆ. ಊರು ತಲುಪುವ ಮೊದಲೇ ರಸ್ತೆ ಪಕ್ಕದಲ್ಲಿ, ಹಸಿರಿನ ಸುಳಿವೇ ಇಲ್ಲದ ಬೋಳು ಗುಡ್ಡಗಳ ನಡುವೆ ಇಂಕಾವಾಸಿ ಎಂಬ ಪಾಳು ನೆಲೆ ಇದೆ. ಬಹಳಷ್ಟು ವಾಹನಗಳು ಅಲ್ಲಿ ನಿಲ್ಲುವುದಿಲ್ಲ. ನಾನು ಹೋದಾಗಲೂ ಅಲ್ಲಿ ಬೇರೆ ಪ್ರವಾಸಿಗರಿರಲಿಲ್ಲ. ಕಲ್ಲು, ಮಣ್ಣು ಸೇರಿಸಿ ಕಟ್ಟಿದ ಮೊಣಕಾಲೆತ್ತರದ, ಕೆಲವೆಡೆ ಆಳೆತ್ತರದ ಗೋಡೆಗಳು. ಉದ್ದಕ್ಕೂ ಒಂದರ ಪಕ್ಕ ಒಂದು ಕೋಣೆ. ಕೋಣೆಗಳ ಮುಂದೆ ಅಂಗಳ. ಬಿಸಿಲಿಗೆ ಅಡ್ಡವಾಗಿ ಒಂದು ಮರವೂ ಇಲ್ಲ. ನೋಡಲು ಇಷ್ಟೇ. ಆದರೆ ಮಾಚು ಪಿಚುವಿನ ಎದುರು ನಿಂತಾಗಲೂ ನನಗೆ ಆಗದ ರೋಮಾಂಚನ ಈ ಸಾಲುಕೋಣೆಗಳ ನಡುವೆ ಆಯಿತು. ಏಕೆಂದರೆ ಇದು ಗೋದಾಮು, ಮತ್ತು ಈ ಗೋದಾಮಿನ ಲೆಕ್ಕಪತ್ರ ಸರಕಿನ ಜೊತೆಯಲ್ಲೇ ಸಿಕ್ಕಿದೆ.

ಪುರಾತತ್ವಜ್ಞ ಅಲೆಹಾಂದ್ರೊ ಚು ಅವರ ತಂಡ ಇಲ್ಲಿ ಅಗೆದಾಗ ನೆಲದ ಮೇಲೆ ಕಿಪುಗಳು ಬಿದ್ದಿದ್ದವು. ಕೆಲವು ಶೇಂಗಾದ ಜೊತೆ, ಕೆಲವು ಮೆಣಸಿನಕಾಯಿಯ ಜೊತೆ, ಕೆಲವು ಕಪ್ಪು ಹುರುಳಿಕಾಯಿ ಬೀಜದ ಜೊತೆ. ಕಿಪು ಎಂದರೆ ಇಂಕಾಗಳ ಗಂಟುದಾರದ ದಾಖಲೆ. ಜಗತ್ತಿನ ಮ್ಯೂಸಿಯಂಗಳಲ್ಲಿ ಸಾವಿರಕ್ಕೂ ಹೆಚ್ಚು ಕಿಪುಗಳಿವೆ. ಅವುಗಳಲ್ಲಿ ಹೆಚ್ಚಿನವು ಗೋರಿಗಳಿಂದ ಬಂದವು, ಅದರಲ್ಲೂ ಬಹುಪಾಲು ಕಳ್ಳರು ಅಗೆದು ಮಾರಿದವು. ಯಾವ ಊರಿನದು, ಯಾವುದರ ಲೆಕ್ಕ, ಯಾರು ಇಟ್ಟದ್ದು, ಒಂದಕ್ಕೂ ಉತ್ತರವಿಲ್ಲ. ಶೇಂಗಾದ ಲೆಕ್ಕ ಶೇಂಗಾದ ಪಕ್ಕದಲ್ಲೇ ಸಿಗುವುದೆಂದರೆ ಸಾಮಾನ್ಯ ಸಂಗತಿಯಲ್ಲ.

ಲಿಮಾದ ಲಾರ್ಕೊ ಮ್ಯೂಸಿಯಂನಲ್ಲಿ ಕಿಪುವನ್ನು ಗಾಜಿಗೆ ಮೂಗು ತಾಗಿಸಿ ನೋಡಿದ್ದೆ. ಬಾಗಿಲ ತೋರಣದ ಹಾಗೆ ಒಂದು ದಪ್ಪ ದಾರ ಅಡ್ಡಕ್ಕೆ. ಅದರಿಂದ ಇಳಿಬಿದ್ದ ಸಣ್ಣ ದಾರಗಳು, ಹತ್ತಿಯವು, ಕಂದು, ಕೆನೆ, ಮಾಸಲು ಬಿಳಿ. ದಾರದ ಮೇಲ್ತುದಿಗೆ ಹತ್ತಿರವಿರುವ ಗಂಟುಗಳು ದೊಡ್ಡ ಸ್ಥಾನದವು: ಸಾವಿರ, ನೂರು, ಅದರ ಕೆಳಗೆ ಹತ್ತು. ಕಟ್ಟಕಡೆಗೆ ಬಿಡಿ ಸ್ಥಾನ. ಬಿಡಿ ಸ್ಥಾನದ ಗಂಟಿನ ವಿನ್ಯಾಸವೇ ಬೇರೆ. ಎರಡರಿಂದ ಒಂಬತ್ತರವರೆಗೆ ದಾರವನ್ನು ಅಷ್ಟು ಸುತ್ತು ಸುತ್ತಿ ಎಳೆದ ಉದ್ದಗಂಟು. ಒಂದಕ್ಕೆ ಇಂಗ್ಲಿಷಿನ ಎಂಟರ ಆಕಾರದ ಗಂಟು. ಸೊನ್ನೆ ಇದ್ದರೆ ಆ ಜಾಗ ಖಾಲಿ. ಹೀಗೆ ಬಿಡಿಗೆ ಬೇರೆ ಗಂಟು ಹಾಕಿರುವುದರಿಂದ ಒಂದು ಸಂಖ್ಯೆ ಎಲ್ಲಿ ಮುಗಿಯಿತು ಎಂದು ಬೆರಳಿಗೇ ತಿಳಿಯುತ್ತದೆ. 1912ರಲ್ಲಿ ಲೆಲ್ಯಾಂಡ್ ಲಾಕ್ ಎಂಬ ಅಮೆರಿಕದ ವಿದ್ವಾಂಸ ಈ ಗುಟ್ಟನ್ನು ಬಿಡಿಸಿದ.

ಸಾಮ್ರಾಜ್ಯದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂಕಾ ದೊರೆ ಪಚಾಕುತಿ ಪಟ್ಟಕ್ಕೆ ಬಂದದ್ದು 1438ರಲ್ಲಿ ಎನ್ನುವುದು ವಾಡಿಕೆ. ಸ್ಪ್ಯಾನಿಷ್ ದಂಡನಾಯಕ ಪಿಸಾರೊ ಕಾಹಮಾರ್ಕಾದಲ್ಲಿ ಇಂಕಾ ದೊರೆ ಅತವಾಲ್ಪನನ್ನು ಸೆರೆ ಹಿಡಿದದ್ದು 1532ರಲ್ಲಿ. ನಡುವೆ ಇರುವುದು ನೂರು ವರ್ಷವೂ ಅಲ್ಲ. ಅಷ್ಟರಲ್ಲಿ ಈಕ್ವೆಡಾರ್‌ನಿಂದ ಚಿಲಿಯ ನಡುಭಾಗದವರೆಗೆ ಇಂಕಾ ಸಾಮ್ರಾಜ್ಯವಾದ ತವಾಂತಿನ್‌ಸುಯು ಹಬ್ಬಿತ್ತು. ಇಂಕಾಗಳಲ್ಲಿ ನಾಣ್ಯವಿರಲಿಲ್ಲ, ತೆರಿಗೆಯೆಂದರೆ ದುಡಿಮೆ. ಮೀತಾ ಎಂಬ ಪಾಳಿಯ ಮೇಲೆ ಪ್ರತಿ ಮನೆಯವರೂ ದೊರೆಯ ಹೊಲ, ರಸ್ತೆ, ಸೇತುವೆ, ಸೈನ್ಯಕ್ಕೆ ದುಡಿಯಬೇಕು; ದುಡಿಯುವಷ್ಟು ದಿನ ಊಟ, ಮೆಕ್ಕೆಜೋಳದ ಮದ್ಯ ಚಿಚಾ ಅರಮನೆಯದು. ಮನೆಗಳನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂದು ಗುಂಪು ಮಾಡಿ ಪ್ರತಿ ಗುಂಪಿಗೂ ಒಬ್ಬ ಮುಖಂಡ. ಇದೆಲ್ಲದರ ಬುಡದಲ್ಲಿ ಇದ್ದದ್ದು ಅಯ್ಯು: ಭೂಮಿ, ನೀರು, ದುಡಿಮೆ ಹಂಚಿಕೊಂಡು ಬದುಕುವ ಬಂಧುಬಳಗದ ಕೂಟ. ಅದು ಇಂಕಾಗಳಿಗಿಂತ ಹಳೆಯದು. ಇಂಕಾಗಳು ಅದನ್ನು ಹುಟ್ಟಿಸಲಿಲ್ಲ, ಅದರ ಮೇಲೆ ಕೂತರು.

ಈಗ ಇಂಕಾವಾಸಿಗೇ ಬರೋಣ. ನನ್ನನ್ನು ಕಾಡುತ್ತಿರುವುದು ಅಲ್ಲಿನ ಒಂದು ಸಂಖ್ಯೆ. ಚು ಮತ್ತು ಆಗ ಹಾರ್ವರ್ಡ್‌ನಲ್ಲಿದ್ದ ಗ್ಯಾರಿ ಅರ್ಟನ್ ಆ ಕಿಪುಗಳನ್ನು ಓದಿದಾಗ ಒಂದು ವಿಚಿತ್ರ ಕಂಡಿತು. ಒಂದು ದಾರದಲ್ಲಿ ದೊಡ್ಡ ಮೊತ್ತ. ಪಕ್ಕದ ದಾರಗಳಲ್ಲಿ ಅದನ್ನು ಒಡೆದ ಭಾಗಗಳು. ಆ ಭಾಗಗಳ ಪೈಕಿ ಒಂದು ಮಾತ್ರ ಸಾಲಿನಿಂದ ಸಾಲಿಗೆ ಬದಲಾಗುವುದೇ ಇಲ್ಲ. ಮೊತ್ತ ಹೆಚ್ಚಿದ್ದರೂ ಅಷ್ಟೇ, ಕಡಿಮೆಯಿದ್ದರೂ ಅಷ್ಟೇ. ಇದು ಗೋದಾಮಿಗೆ ಬಂದ ಸರಕಿನಿಂದ ಕಳೆದ ತೆರಿಗೆ ಎಂದು ಅವರ ವಾದ. ಹೌದಾದರೆ ದೊಡ್ಡ ಸುದ್ದಿಯೇ. ಇಂಕಾಗಳು ದುಡಿಮೆಯನ್ನಷ್ಟೇ ಪಡೆಯುತ್ತಿದ್ದರು, ವಸ್ತುವಿನ ಮೇಲೆ ಕೈಯಿಡುತ್ತಿರಲಿಲ್ಲ ಎಂಬ ಹಳೆಯ ಪಾಠ ತಿದ್ದುಪಡಿಯಾಗಬೇಕಾಗುತ್ತದೆ.

ನನಗೆ ಮೊದಲು ಹೊಳೆದದ್ದು ಬೇರೆ. ದಾಸ್ತಾನು ಮಾಡಿದವರಿಗೆಲ್ಲ ಗೊತ್ತು, ಕಾಳು ಒಣಗುತ್ತದೆ, ಹುಳ ಹಿಡಿಯುತ್ತದೆ, ಇಲಿ ತಿನ್ನುತ್ತದೆ. ಹಾಗಾಗಿ ಬಂದ ಕೂಡಲೇ ಇಷ್ಟು ಎಂದು ಸೋರಿಕೆ ಕಳೆದಿಡುತ್ತಾರೆ. ಆದರೆ ಸೋರಿಕೆ ಸರಕಿನ ಪ್ರಮಾಣಕ್ಕೆ ತಕ್ಕಂತೆ ಏರಬೇಕಲ್ಲ? ಇಲ್ಲಿ ಏರುವುದಿಲ್ಲ. ಅಂದರೆ ಇದು ಸರಕಿನ ಮೇಲಿನ ಕಡಿತವಲ್ಲ, ಪ್ರತಿ ಸಲ ಸರಕು ತಂದಿಳಿಸಿದಾಗಿನ ಕಡಿತ. ಕೆಲವು ಕೋಣೆಗಳ ನೆಲದಲ್ಲಿ ಹಸಿಮಣ್ಣಿಗೆ ಹಗ್ಗ ಒತ್ತಿ ಮಾಡಿದ ಚೌಕಗಳು ಸಿಕ್ಕಿವೆ, ಒಂದೊಂದೂ ಸುಮಾರು ಗೇಣಗಲ. ಸರಕನ್ನು ಆ ಚೌಕಗಳ ಮೇಲೆ ಹರಡಿ ಅಳೆಯುತ್ತಿದ್ದಿರಬೇಕು. ಹಾಗಿದ್ದರೆ ಆ ಬದಲಾಗದ ಸಂಖ್ಯೆ ಗೋದಾಮು ಕಾಯುವವನ ಪಾಲೇ? ದೇವರ ಪಾಲೇ? ಬೀಜಕ್ಕೆ ತೆಗೆದಿಟ್ಟದ್ದೇ? ನನ್ನ ಮನಸ್ಸು ಕಾಯುವವನ ಪಾಲಿನ ಕಡೆಗೇ ವಾಲುತ್ತದೆ. ಸಾಮ್ರಾಟನ ಹೆಸರಿನಲ್ಲಿ ನಡೆಯುವ ಗೋದಾಮಿನಲ್ಲೂ ಬಿಸಿಲಲ್ಲಿ ಕೂತು ಅಳೆಯುವವನು ಊಟ ಮಾಡಬೇಕು.

ಇಂಥ ಗೋದಾಮುಗಳನ್ನು ಕಂಡು ಮರುಳಾದವರು ಬಹಳ. 1928ರಲ್ಲಿ ಲೂಯಿ ಬೋದ್ಯಾಂ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ ಇಂಕಾಗಳದು ಸಮಾಜವಾದಿ ಸಾಮ್ರಾಜ್ಯ ಎಂದೇ ಪುಸ್ತಕ ಬರೆದ. ಹಸಿದವರಿಲ್ಲದ ನಾಡು ಎಂಬ ಆ ಚಿತ್ರವನ್ನು ನಾನು ಒಪ್ಪುವುದಿಲ್ಲ. ಇಂಕಾವಾಸಿ ಕಟ್ಟಿದ್ದೇ ಯುದ್ಧಕ್ಕೆ. ಕರಾವಳಿಯ ವಾರ್ಕೊ ಜನ ತಲೆಬಾಗಲು ಒಪ್ಪದಿದ್ದಾಗ ಇಂಕಾ ಪಡೆ ಇಲ್ಲಿ ಬೀಡುಬಿಟ್ಟು, ಬೀದಿಗಳಿಗೆ ಕುಸ್ಕೊ ನಗರದ ಬೀದಿಗಳ ಹೆಸರಿಟ್ಟು, ವರ್ಷಗಟ್ಟಲೆ ಕಾದಾಡಿತು. ಗೆದ್ದ ಮೇಲೆ ವಾರ್ಕೊ ಪ್ರಮುಖರನ್ನು ಕೊಲ್ಲಿಸಿದ್ದನ್ನು ಸ್ಪ್ಯಾನಿಷ್ ಚರಿತ್ರಕಾರ ಸಿಯೇಸ ದೆ ಲಿಯೋನ್ ದಾಖಲಿಸಿದ್ದಾನೆ. ಈ ಶೇಂಗಾ, ಈ ಮೆಣಸಿನಕಾಯಿ ಸೈನ್ಯದ ಹೊಟ್ಟೆಗೆ. ಸೋತ ಊರುಗಳ ಜನರನ್ನು ಬೇರುಸಹಿತ ಕಿತ್ತು ದೂರದ ಸೀಮೆಗಳಲ್ಲಿ ನೆಡುವುದೂ ಇವರ ಆಡಳಿತದ ಭಾಗವೇ ಆಗಿತ್ತು.

ಆದರೂ ಲೆಕ್ಕ ದೊರೆಯ ಕೈಯಲ್ಲಿ ಮಾತ್ರ ಇರಲಿಲ್ಲ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಹೌಹಾ ಕಣಿವೆಯ ವಾಂಕಾ ನಾಯಕರು ಇಂಕಾಗಳ ವಿರುದ್ಧ ಪಿಸಾರೊನ ಪಕ್ಷ ಸೇರಿದ್ದರು. 1561ರಲ್ಲಿ ಅವರು ಲಿಮಾದ ನ್ಯಾಯಾಲಯದ ಮುಂದೆ ಕಿಪುಗಳನ್ನು ಹಿಡಿದು, ವರ್ಷಗಟ್ಟಲೆ ಸ್ಪ್ಯಾನಿಷರಿಗೆ ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಓದಿದರು. ಲಾಮಾ, ಮೆಕ್ಕೆಜೋಳ, ಬಟ್ಟೆ, ಸೌದೆ, ಹೊರೆ ಹೊತ್ತ ಆಳುಗಳು. ತಾವು ಕೊಟ್ಟದ್ದು ಬೇರೆ, ಅವರು ದೋಚಿದ್ದು ಬೇರೆ ಎಂದು ವಿಂಗಡಿಸಿ ಗಂಟು ಹಾಕಿಟ್ಟಿದ್ದರು. ಆದರೆ ಹಳೆಯ ಪೂಜಾಚರಣೆಗೆ ಬಳಸುವ ಕಿಪುಗಳನ್ನು ಜನರಿಂದ ಕಿತ್ತುಕೊಳ್ಳಬೇಕೆಂದು 1583ರಲ್ಲಿ ಲಿಮಾದ ಚರ್ಚ್ ಪರಿಷತ್ತು ಆಜ್ಞೆ ಮಾಡಿತು. ಕಿಪು ಕಟ್ಟುವವರು ಮೇಲ್ವರ್ಗದ ಅಧಿಕಾರಿಗಳಷ್ಟೇ ಎಂಬ ನಂಬಿಕೆಗೂ ಈಚೆಗೆ ಪೆಟ್ಟು ಬಿದ್ದಿದೆ. 2025ರಲ್ಲಿ ಸಬೀನ್ ಹೈಲ್ಯಾಂಡ್ ಮತ್ತು ಸಂಗಡಿಗರು ಮುಖ್ಯ ದಾರವೇ ತಲೆಗೂದಲಿನಿಂದಾದ ಒಂದು ಕಿಪುವನ್ನು ಪರೀಕ್ಷಿಸಿದರು. ಆ ಕೂದಲಿನ ಒಡೆಯ, ಬಹುಶಃ ಕಿಪು ಕಟ್ಟಿದವನೇ, ಉಂಡದ್ದು ಗೆಡ್ಡೆ, ಸೊಪ್ಪು. ಮಾಂಸ, ಮೆಕ್ಕೆಜೋಳ ಅಪರೂಪ. ಬಡವರ ಊಟ.

ಸಾಮ್ರಾಜ್ಯ ಬಿದ್ದರೂ ಅಯ್ಯುವಿನ ಲೆಕ್ಕ ನಿಲ್ಲಲಿಲ್ಲ. ಲಿಮಾದ ಮೇಲಿನ ವರೊಚಿರಿ ಸೀಮೆಯ ತುಪಿಕೊಚ ಎಂಬ ಊರಿನಲ್ಲಿ ಜನವರಿಯ ಊರಸಭೆಯಲ್ಲಿ ಅಯ್ಯುಗಳ ಹೊಸ ಮುಖಂಡರ ಮೈಮೇಲೆ ಹಳೆಯ ಕಿಪುವನ್ನು ಹೊದಿಸಿ ಅಧಿಕಾರ ಕೊಡುತ್ತಾರೆ. ಮಾನವಶಾಸ್ತ್ರಜ್ಞ ಫ್ರಾಂಕ್ ಸಾಲೊಮನ್ ಇದನ್ನು ವಿವರವಾಗಿ ಬರೆದಿದ್ದಾರೆ. ಈಗ ಅದನ್ನು ಓದಬಲ್ಲವರು ಊರಲ್ಲಿಲ್ಲ. ಆದರೆ ಕಾಲುವೆ ಹೂಳೆತ್ತಲು ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂಬ ಹಾಜರಿ ಪುಸ್ತಕದಲ್ಲಿ ಏರುತ್ತಲೇ ಇದೆ.

ಒಟ್ಟಿಗೆ ದುಡಿದು ಲೆಕ್ಕ ಇಡುವ ಈ ಶಿಸ್ತಿನಿಂದ ಇಂದು ದೀಪವೂ ಉರಿಯುತ್ತದೆ. ಕಾಹಮಾರ್ಕಾದ ಗುಡ್ಡದ ಹಳ್ಳಿಗಳಲ್ಲಿ ಪ್ರಾಕ್ಟಿಕಲ್ ಆ್ಯಕ್ಷನ್ ಸಂಸ್ಥೆ ಜನರ ಜೊತೆ ಸೇರಿ ಕಿರು ಜಲವಿದ್ಯುತ್ ಘಟಕಗಳನ್ನು ಕಟ್ಟಿತು. 2007ರಲ್ಲಿ ಅದಕ್ಕೆ ಆ್ಯಶ್ಡೆನ್ ಪ್ರಶಸ್ತಿ ಬಂತು. ತೊರೆಯ ನೀರು ತಿರುಗಿಸುವ ಕಾಲುವೆ ಅಗೆದದ್ದು, ಕೊಳವೆ ಹೊತ್ತು ಏರಿದ್ದು ಹಳ್ಳಿಯವರೇ, ಫಯೇನಾ ಎಂಬ ಊರೊಟ್ಟಿನ ದುಡಿಮೆಯಲ್ಲಿ. ಘಟಕ ನಡೆಸುವುದು, ದರ ನಿಗದಿ ಮಾಡುವುದು ಊರಿನದೇ ವ್ಯವಸ್ಥೆ. ಇಂಕಾವಾಸಿಯ ಪಕ್ಕ ಹರಿಯುವ ಅದೇ ಕನ್ಯೇತೆ ನದಿಗೆ ಮೇಲ್ಗಡೆ 2010ರಿಂದ 220 ಮೆಗಾವಾಟ್‌ನ ಎಲ್ ಪ್ಲಾತನಾಲ್ ವಿದ್ಯುದಾಗಾರವೂ ಇದೆ. ಅದು ಕಂಪನಿಯದು, ವಿದ್ಯುತ್ ತಂತಿ ಹತ್ತಿ ದೂರ ಹೋಗುತ್ತದೆ. ದೇಶಕ್ಕೆ ಎರಡೂ ಬೇಕು, ಒಪ್ಪುತ್ತೇನೆ. ಆದರೆ ತಂತಿ ತಲುಪದ ಹಳ್ಳಿಯಲ್ಲಿ ದೀಪ ಹತ್ತಿಸಲು ಪರದೇಶದ ಮಾದರಿ ಹುಡುಕುವ ಯೋಜಕರು ಮೊದಲು ಆ ಹಳ್ಳಿಯ ಹಾಜರಿ ಪುಸ್ತಕ ತೆರೆದು ನೋಡಲಿ.