ಇಪ್ಪತ್ತನಾಲ್ಕು ಗಂಟೆಯ ಆರೈಕೆ

ಐಹೊಳೆಗೆ ಹೋದವರು ದುರ್ಗದ ಗುಡಿಯನ್ನೂ ಲಾಡಖಾನ ಗುಡಿಯನ್ನೂ ಕಣ್ತುಂಬ ನೋಡಿ ಮರಳುತ್ತಾರೆ. ಗುಡಿಗಳ ಮಗ್ಗುಲಲ್ಲೇ ಇರುವ ಮನೆಗಳತ್ತ ದೃಷ್ಟಿ ಹರಿಸುವವರು ವಿರಳ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ಈ ಸೀಮೆಯನ್ನು ಕಂಗೆಡಿಸಿತ್ತು. ಆ ನಷ್ಟದಿಂದ ಚೇತರಿಸಿಕೊಳ್ಳುವ ಮೊದಲೇ, 2020ರ ಮಾರ್ಚಿನಲ್ಲಿ, ಕೊರೋನಾ ಭೀತಿಯಿಂದ ಸ್ಮಾರಕಗಳ ಬಾಗಿಲು ಮುಚ್ಚಿತು. ಪ್ರವಾಸಿಗರನ್ನೇ ನಂಬಿದ್ದವರ ಕೈ ಬರಿದಾಯಿತು.

ಮನೆಯೊಳಗಿನ ದುಡಿಮೆ ಮಾತ್ರ ಇಮ್ಮಡಿಸಿತು. ಸೌಮ್ಯ ಲಕ್ಷಣದ ರೋಗಿಯನ್ನು ಮನೆಯಲ್ಲಿಯೇ ಇರಿಸಬಹುದೆಂದು ಆ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹೊರಡಿಸಿದ ಸೂಚನೆಯಲ್ಲಿ ಒಂದು ಷರತ್ತಿತ್ತು: ದಿನದ 24 ಗಂಟೆಯೂ ಆರೈಕೆಗೆ ಒಬ್ಬರಿರಬೇಕು. ರೋಗಿಗೆ ಪ್ರತ್ಯೇಕ ಕೋಣೆ, ಹತ್ತಿರ ಹೋಗುವಾಗ ಮೂರು ಪದರದ ಮುಖಗವಸು. ವಿವೇಕದ ಮಾತೇ ಸರಿ. ಆದರೆ ಒಂದೇ ಪಡಸಾಲೆಯ ಮನೆಯಲ್ಲಿ ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಆ ಒಬ್ಬರು ನಿದ್ರಿಸುವುದು ಯಾವಾಗ? ಅಡುಗೆ, ನೀರು, ಮಕ್ಕಳ ಪಾಠ, ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ, ಇವೆಲ್ಲ ಬಹುಪಾಲು ಮನೆಗಳಲ್ಲಿ ಅದೇ ಸೊಸೆಯ ಪಾಲಿಗೆ ಬಂದವು. ನಗರದ ಮನೆಗಳಲ್ಲಿಯೂ ಹೀಗೆಯೇ ನಡೆಯಿತೆಂದು ಓದುಗರಿಗೆ ಬೇರೆ ಹೇಳಬೇಕೆ? ತಮಗೇ ಜ್ವರ ಬಂದಾಗಲೂ ‘ನನಗೇನೂ ಆಗಿಲ್ಲ’ ಎಂದ ಗೃಹಿಣಿಯರು ಎಷ್ಟು ಮಂದಿಯೋ!

ರೋಗ ಇಳಿದ ಬಳಿಕ ಬಂಧುಗಳು ಬಂದು ರೋಗಿಯ ಯೋಗಕ್ಷೇಮ ವಿಚಾರಿಸಿದರು. ಚಹಾ ತಂದಿಟ್ಟವಳನ್ನು ಕೇಳಿದವರು ಕಡಿಮೆ. ಅವಳ ನಿದ್ರಾಹೀನತೆ, ಸಿಡುಕು, ಕಾರಣ ಹೊಳೆಯದ ಅಳು ಹಾಗೆಯೇ ಉಳಿದವು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೇ ಉಚಿತವಾಗಿ ಮನಸ್ಸಿನ ಭಾರವನ್ನು ಹೇಳಿಕೊಳ್ಳಬಹುದು. ಅದಕ್ಕೆ ಅವಳಿಗೆ ಅರ್ಧ ಗಂಟೆಯ ಬಿಡುವು ಬೇಕು. ಅಷ್ಟು ಹೊತ್ತು ಅತ್ತೆಯವರ ಬಳಿ ಅವರ ಮಗನೇ ಕುಳಿತಿದ್ದರೆ ಸಾಕು.