ಬಾಡಿಗೆ ಕಾರಿನಲ್ಲಿ ಚಾರ್ಮಾಡಿ ಹತ್ತಿದ್ದು, ಇಳಿದದ್ದು

ಗಲ್ಫ್‌ನಿಂದ ರಜೆಯಲ್ಲಿ ಬಂದವರಿಗೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ‘ಯಾವಾಗ ಬಂದದ್ದು?’. ಅದರ ಬೆನ್ನಿಗೇ ‘ವಾಪಸ್ ಯಾವಾಗ?’. ಈ ಸಲ ದಮ್ಮಾಮಿನಿಂದ ಬಂದ ತಮ್ಮನ ಕೈಯಲ್ಲಿದ್ದದ್ದು 30 ದಿನ. ಮದುವೆ, ಮನೆ ಒಕ್ಕಲು, ಮರಣದ ಮನೆ ಎಂದು ಅದರಲ್ಲಿ 22 ದಿನ ಕಳೆದೇ ಹೋಗಿತ್ತು. ಉಮ್ಮ ಹೇಳಿದ್ದು ಒಂದೇ ಆಸೆ: ಘಟ್ಟದ ಮೇಲೆ ಮೂಡಿಗೆರೆ ಹತ್ತಿರ ಮದುವೆ ಮಾಡಿ ಕೊಟ್ಟ ತಂಗಿಯನ್ನು ಒಮ್ಮೆ ನೋಡಬೇಕು. ಚಿಕ್ಕಮ್ಮನಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷ. ಅಕ್ಕ-ತಂಗಿ ಮುಖಾಮುಖಿ ಆಗದೆ ಒಂಬತ್ತು ವರ್ಷ. ಫೋನ್ ಮಾಡಿದರೆ ಆಚೆಯಿಂದ ಅಳು ಬಿಟ್ಟರೆ ಬೇರೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

ಬ್ಯಾರಿಗಳಿಗೆ ಘಟ್ಟ ಹೊಸತೇನಲ್ಲ. ನಮ್ಮ ಹಿರಿಯರು ಒಣಮೀನು ಹೊತ್ತು ಮಲೆನಾಡಿನ ಸಂತೆ ಸಂತೆ ತಿರುಗಿದವರು. ಉಮ್ಮನ ತಂದೆಯೂ ಹಾಗೆಯೇ. ಚಿಕ್ಕಮ್ಮನ ಸಂಬಂಧ ಕುದುರಿದ್ದು ಸಂತೆಯ ಆ ಪರಿಚಯದಿಂದಲೇ.

ನಾವು ದೊಡ್ಡವರು ಐವರು, ಮಕ್ಕಳಿಬ್ಬರು. ಪರಿಚಯದವರೊಬ್ಬರ ಮೂಲಕ ಏಳು ಸೀಟಿನ ಗಾಡಿಯೊಂದು ದಿನಕ್ಕೆ 1,800 ರೂಪಾಯಿಗೆ ಸಿಕ್ಕಿತು. ಕೊಟ್ಟವನು ‘ಇಂಜಿನ್ ಬೆಣ್ಣೆ ಮಾರಾಯ್ರೆ’ ಎಂದ. ಆ ಬೆಣ್ಣೆ ಕರಗುವುದು ಎಲ್ಲಿ ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಟಯರ್ ನೋಡಿದೆವು, ಸೀಟು ಗುದ್ದಿ ನೋಡಿದೆವು, ಎಸಿ ಹಾಕಿ ನೋಡಿದೆವು. ಬೋನೆಟ್ ಎತ್ತಬೇಕು ಎಂದು ಒಬ್ಬರಿಗೂ ತೋಚಲಿಲ್ಲ.

ಉಜಿರೆಯವರೆಗೆ ಏನೂ ತೊಂದರೆ ಇಲ್ಲ. ಚಾರ್ಮಾಡಿಯಲ್ಲಿ ಮೃತ್ಯುಂಜಯ ಹೊಳೆಯನ್ನು ಹಿಂದೆ ಬಿಟ್ಟು ರಾಷ್ಟ್ರೀಯ ಹೆದ್ದಾರಿ 73 ಘಟ್ಟಕ್ಕೆ ಮುಖ ಮಾಡುತ್ತದೆ. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಜರಿದು ತಿಂಗಳುಗಟ್ಟಲೆ ರಸ್ತೆ ಬಂದ್ ಆಗಿದ್ದು ನೆನಪಿರಬಹುದು. ಏಳು ಜನ, ಹಿಂದೆ ಪುಂಡಿ ಮತ್ತು ಕೋಳಿ ಸಾರಿನ ದೊಡ್ಡ ಪಾತ್ರೆ, ಎಸಿ ಫುಲ್. ನಾಲ್ಕನೆಯ ದೊಡ್ಡ ತಿರುವಿನಲ್ಲಿ ಎಸಿ ಬಿಸಿ ಗಾಳಿ ಬಿಡಲು ಶುರು ಮಾಡಿತು. ಮೀಟರಿನಲ್ಲಿ ಶಾಖದ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ಮೊದಲು ಕಂಡದ್ದು ಹಿಂದೆ ಕೂತ ಎಂಟು ವರ್ಷದ ಹುಡುಗ. ಮುಂದೆ ಕೂತ ನಾವು ಮಂಜು ನೋಡುತ್ತಿದ್ದೆವು! ಬದಿಗೆ ಹಾಕುವಷ್ಟರಲ್ಲಿ ಬೋನೆಟ್ ಸಂದಿಯಿಂದ ಹಬೆ.

ತಮ್ಮ ಒಂದು ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಲು ಹೋದ. ಅಷ್ಟರಲ್ಲಿ ತರಕಾರಿ ಇಳಿಸಿ ಖಾಲಿ ವಾಪಸ್ ಹತ್ತುತ್ತಿದ್ದ ಪಿಕಪ್ಪಿನ ಡ್ರೈವರ್ ಕೂಗಿದರು: ‘ಮುಟ್ಟಬೇಡಿ! ಮುಖ ಬೆಂದು ಹೋದೀತು.’ ಅವರು ಹೇಳಿದ್ದು ನಿಜ. ರೇಡಿಯೇಟರಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಬಿಚ್ಚಿ ಒತ್ತಡ ಹೋದ ಕೂಡಲೇ ಒಮ್ಮೆಲೇ ಕುದಿದು ಹಾರುತ್ತದೆ. ಮುಕ್ಕಾಲು ಗಂಟೆ ಕಾದೆವು. ಹಳೆಯ ರಬ್ಬರ್ ಪೈಪು ಸೀಳಿ ಕೂಲೆಂಟ್ ಸೋರಿ ಹೋಗಿತ್ತು. ಅವರೇ ಪೈಪಿಗೆ ಟೇಪು ಸುತ್ತಿ, ಪಕ್ಕದ ಝರಿಯಿಂದ ಬಾಟಲಿಯಲ್ಲಿ ನೀರು ತಂದು ತುಂಬಿಸಿದರು. ‘ಎಸಿ ಬಂದ್ ಮಾಡಿ, ಹೀಟರ್ ಹಾಕಿ ಹೋಗಿ. ಸೆಕೆ ಆಗ್ತದೆ, ಆದ್ರೆ ಇಂಜಿನ್ ಬಿಸಿ ಸ್ವಲ್ಪ ಒಳಗೆ ಬರ್ತದೆ’ ಎಂದರು. ಹಣ ಕೊಡಲು ಹೋದರೆ ಕೈ ಮುಗಿದರು. ಪುಂಡಿ ಮಾತ್ರ ತೆಗೆದುಕೊಂಡರು.

ಕೊಟ್ಟಿಗೆಹಾರದ ನೀರು ದೋಸೆ ಮಕ್ಕಳ ಕನಸು. ಅಲ್ಲಿ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಮರುದಿನ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವ ಪ್ಲಾನ್ ಅಲ್ಲೇ ಕೈಬಿಟ್ಟೆವು. ರಾಜ್ಯದ ಅತಿ ಎತ್ತರದ ಬೆಟ್ಟಕ್ಕೆ ಟೇಪು ಸುತ್ತಿದ ಗಾಡಿಯಲ್ಲಿ ಹೋಗುವ ಧೈರ್ಯ ನಮಗಿಲ್ಲ.

ಚಿಕ್ಕಮ್ಮನ ಮನೆ ಕಾಫಿ ತೋಟದ ಅಂಚಿನಲ್ಲಿ. ನಮ್ಮನ್ನು ಕಾಯುತ್ತ ಅವರನ್ನು ಬೆಳಿಗ್ಗೆ ಹತ್ತಕ್ಕೇ ಜಗಲಿಯ ಕುರ್ಚಿಯಲ್ಲಿ ತಂದು ಕೂರಿಸಿದ್ದರಂತೆ, ಒಳಗೆ ಹೋಗಲು ಒಪ್ಪಿರಲಿಲ್ಲ. ಉಮ್ಮ ಹೋಗಿ ಅವರ ಬಲಗೈ ಹಿಡಿದರು. ಆ ಕೈ ಅಲುಗಲಿಲ್ಲ. ಚಿಕ್ಕಮ್ಮ ಎಡಗೈ ಎತ್ತಿ ಉಮ್ಮನ ತಲೆವಸ್ತ್ರ ಸರಿಮಾಡಿದರು, ಚಿಕ್ಕಂದಿನಲ್ಲಿ ಉಮ್ಮ ಅವರಿಗೆ ಮಾಡುತ್ತಿದ್ದ ಹಾಗೆ. ನಾವೆಲ್ಲ ಅಂಗಳಕ್ಕೆ ಬಂದು ಕಾಫಿ ಗಿಡ ನೋಡುತ್ತ ನಿಂತೆವು.

ರಾತ್ರಿ ಉಮ್ಮ ಹೇಳಿದ್ದು: ‘ನಾನು ನಾಲ್ಕು ದಿನ ಇಲ್ಲೇ ಇರ್ತೇನೆ. ಆ ಗಾಡಿಯಲ್ಲಿ ಇನ್ನು ಬರುವುದಿಲ್ಲ. ಬಸ್ಸು ಉಂಟಲ್ಲ?’

ಮರುದಿನ ಮೂಡಿಗೆರೆಯಲ್ಲಿ ಪೈಪು ಬದಲಿಸಿ ಹೊರಟೆವು. ಹತ್ತುವಾಗ ಇಂಜಿನ್, ಇಳಿಯುವಾಗ ಬ್ರೇಕು. ತಮ್ಮನಿಗೆ ಅಲ್ಲಿ ಎಡಗಡೆ ಸ್ಟೀಯರಿಂಗ್, ಆಟೋಮ್ಯಾಟಿಕ್ ಗೇರು, ಹಾಳೆಯಂಥ ರಸ್ತೆ. ಇಲ್ಲಿ ನಾಲ್ಕನೇ ಗೇರಿನಲ್ಲೇ ಬ್ರೇಕು ಒತ್ತಿ ಒತ್ತಿ ಇಳಿಸುತ್ತಿದ್ದ. ಅರ್ಧ ಘಟ್ಟದಲ್ಲಿ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲು ಸ್ಪಂಜಿನ ಹಾಗೆ ಕೆಳಗೆ ಹೋಯಿತು. ‘ಬ್ರೇಕ್ ಹಿಡೀತಿಲ್ಲ’ ಎಂದ, ಬಹಳ ಮೆಲ್ಲಗೆ. ಬಲಬದಿಗೆ ಪ್ರಪಾತ. ಅದೃಷ್ಟಕ್ಕೆ ಅವನಿಗೆ ಗೇರು ನೆನಪಾಯಿತು: ಮೂರು, ಎರಡು, ಇಂಜಿನ್ ಕಿರುಚಿತು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವಾಗಿ ಎಳೆದ, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಒರೆಸಿ ಗಾಡಿ ನಿಂತಿತು. ಮಕ್ಕಳು ನಿದ್ದೆಯಲ್ಲಿದ್ದರು.

ಆಮೇಲೆ ಮೆಕ್ಯಾನಿಕ್ ವಿವರಿಸಿದ್ದು ಇಷ್ಟು. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಬಿಸಿಗೆ ಬೇಗ ಕುದಿದು ಪೈಪಿನೊಳಗೆ ಗುಳ್ಳೆ ಕಟ್ಟುತ್ತದೆ. ಕಾಲು ಒತ್ತಿದ ಬಲವೆಲ್ಲ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕು ಬೇಕಾದಾಗ ಮಾತ್ರ. ಹಳೆಯ ಡ್ರೈವರುಗಳಿಗೆಲ್ಲ ಗೊತ್ತಿರುವ ಮಾತು.

ಊರಿಗೆ ಬಂದ ಮೇಲೆ ವಕೀಲ ಮಿತ್ರರೊಬ್ಬರು ಕೇಳಿದ ಪ್ರಶ್ನೆಗೆ ನಾವು ಬೆವತೆವು: ‘ನಂಬರ್ ಪ್ಲೇಟ್ ಯಾವ ಬಣ್ಣ?’ ಬಿಳಿ. ಅಂದರೆ ಖಾಸಗಿ ಗಾಡಿ, ಬಾಡಿಗೆಗೆ ಕೊಡುವಂತಿಲ್ಲ. ನಾವೇ ಓಡಿಸಲು ಬಾಡಿಗೆಗೆ ಕೊಡುವ ಪರವಾನಗಿ ಇದ್ದರೆ ಕಪ್ಪು ಫಲಕದಲ್ಲಿ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಗಾಡಿ ಬಾಡಿಗೆಯಲ್ಲಿರುವಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಸಾಕು. ಆ ತಿರುವಿನಲ್ಲಿ ಗಾಡಿ ನಿಲ್ಲದೆ ಹೋಗಿದ್ದರೆ? ನಮ್ಮ ಊರುಗಳಲ್ಲಿ ರಜೆಗೆ ಬಂದವರು ಹೆಚ್ಚಾಗಿ ಓಡಿಸುವುದು ಇಂಥ ಗಾಡಿಗಳನ್ನೇ. ಕಡಿಮೆಗೆ ಸಿಗುತ್ತದೆ, ಪರಿಚಯದವರದ್ದು ಎಂಬ ಧೈರ್ಯ. ಪರಿಚಯದವನು ನಮ್ಮ ಮುಂಗಡದಿಂದ ದಿಬ್ಬಕ್ಕೆ ಒರೆಸಿದ ಗೀರಿನ ಲೆಕ್ಕ 4,000 ಹಿಡಿದುಕೊಂಡ. ಪೈಪಿನ ಬಿಲ್ಲು ತೋರಿಸಿದರೆ ‘ಅದು ನೀವು ಓಡಿಸಿದ್ದಕ್ಕೆ ಹೋದದ್ದು’ ಎಂದ.

ಉಮ್ಮ ಐದನೇ ದಿನ ಸರಕಾರಿ ಬಸ್ಸಿನಲ್ಲಿ ಬಂದಿಳಿದರು, ಕೈಯಲ್ಲಿ ಕಾಫಿ ಪುಡಿ, ಒಂದು ಚೀಲ ಕಿತ್ತಳೆ. ಬ್ರೇಕಿನ ವಿಷಯ ಅವರಿಗೆ ಹೇಳಿರಲಿಲ್ಲ. ‘ಡ್ರೈವರ್ ಇಡೀ ಘಟ್ಟ ಗರ್ರ್ ಅಂತ ಸಣ್ಣ ಗೇರಲ್ಲೇ ಇಳಿಸಿದ, ಒಳ್ಳೆ ಮನುಷ್ಯ’ ಎಂದರು. ತಮ್ಮ ತಲೆ ತಗ್ಗಿಸಿ ಕಿತ್ತಳೆ ಸುಲಿಯುತ್ತಿದ್ದ. ಅವನ ವಿಮಾನಕ್ಕೆ ಇನ್ನು ಎರಡು ದಿನ ಬಾಕಿ ಇತ್ತು.